ಗುರುಗುಂಟಾದ ನಗುವ ಸಿಪಾಯಿ

ಬ್ರಿಟಿಷರು ಎರಡನೇ ಮಹಾಯುದ್ಧದ ಪ್ರಚಾರಕ್ಕೆ ಅಚ್ಚು ಹಾಕಿಸಿದ ಪೋಸ್ಟ್‌ಕಾರ್ಡುಗಳನ್ನು ಸಂಗ್ರಹಿಸುವ ಹುಚ್ಚು ನನಗೆ. ೧೯೮೭ರಲ್ಲಿ ಗುರುಗುಂಟಾದ ಮುದುಕಪ್ಪನ ಮನೆಗೆ ಹೋದಾಗ, ದೇವರ ಜಗಲಿಯ ಮೇಲೆ ಅಂಥದ್ದೊಂದು ಕಾರ್ಡು ಕಂಡಿತು. ನಗುವ ಸಿಪಾಯಿ, ಹಣೆಗೆ ಹಸಿ ಕುಂಕುಮ. ಮಾರುತ್ತೀರಾ ಎಂದು ಮುದುಕಪ್ಪನನ್ನು ಕೇಳಿದೆ.

"ನಮ್ಮಣ್ಣರಿ. ಯುದ್ಧಕ್ಕ ಹೋದಾಂವ ತಿರುಗಿ ಬರಲಿಲ್ಲ. ಫೋಟೊ ಇರಲಿಲ್ಲ, ಇದನ್ನ ಇಟ್ಟೀವಿ. ಅಮಾಸಿಗೆ ಹೋಳಿಗಿ ಮಾಡಿ ಎಡಿ ಹಿಡೀತೀವಿ."

ರೇಟು ಏರಿಸುವ ಆಟವೆಂದು ನನಗೆ ಅನುಮಾನ. "ಇದು ಛಾಪಿಸಿದ ಚಿತ್ರ, ಮುದುಕಪ್ಪಣ್ಣ. ಇಂಥದ್ದೇ ನನ್ನ ಹತ್ರಾನೂ ಐತಿ," ಎಂದೆ.

ಮುದುಕಪ್ಪ ನನ್ನನ್ನೇ ನೋಡಿದ. "ಹಂಗಾರ ನೀವ್ಯಾಕ ಎಡಿ ಹಿಡಿದಿಲ್ರಿ?"

ಲಿಂಗಸುಗೂರಿಗೆ ಮರಳಿದವನೇ ಆಲ್ಬಂ ತೆರೆದೆ. ನನ್ನ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅದರ ಬಾಯಿಯನ್ನು ಮೇಣದಬತ್ತಿಯಿಂದ ಸುಟ್ಟು ಅಂಟಿಸಿದ್ದೆ. ಅಂಟು ಬಿಟ್ಟಿರಲಿಲ್ಲ. ಒಳಗೆ ಸಿಪಾಯಿಯ ಹಣೆಯ ಮೇಲೆ ಕುಂಕುಮ ಇನ್ನೂ ಹಸಿಯಾಗಿತ್ತು.

ನಗು ಮಾತ್ರ ಇರಲಿಲ್ಲ.