ವಾಚನಾಲಯದ ಮುಸುಕು ಸವಾರ

ಇದನ್ನು ಹೇಳುವ ಯೋಗ್ಯತೆ ನನಗಿಲ್ಲ. ಸಂಜೆ ಕಾಲೇಜಿನಲ್ಲಿ ಕಲಿತ ಕನ್ನಡ. ತಪ್ಪಿದ್ದರೆ ಓದುಗರು ಕ್ಷಮಿಸಬೇಕು.

ಜುಲೈ ಇಪ್ಪತ್ತೆರಡರ ಬೆಳಿಗ್ಗೆ ಮೂಡುಬಿದಿರೆಯ ನಮ್ಮ ವಾಚನಾಲಯದ ಗಾಜಿನ ಪೆಟ್ಟಿಗೆ ಖಾಲಿ ಇತ್ತು. ತೋಡಾರಿನ ಹಾರಿಸ್ ಅವರು ಹಿಂದಿನ ದಿನ ಪ್ರದರ್ಶನಕ್ಕೆ ಕೊಟ್ಟಿದ್ದ ಹಳೆಯ ಅಮೆರಿಕನ್ ಕಾಮಿಕ್ಸ್ ಅದರಲ್ಲಿರಬೇಕಿತ್ತು—ಮುಖಪುಟದಲ್ಲಿ ಕಪ್ಪು ಮುಸುಕಿನ ಕುದುರೆ ಸವಾರ. ತೀರಿಹೋದ ಅವರ ತಂದೆ ಕುವೈತಿನಿಂದ ತಂದದ್ದು.

ಕಾರ್ಯದರ್ಶಿ ಶಾಂತಿಪ್ರಸಾದರು ಕಸ ಗುಡಿಸುವ ನೀಲಾವತಿಯತ್ತ ತಿರುಗಿದರು.

"ಬಾಗಿಲಿನ ಕೀಲಿ ಯಾರ ಹತ್ತಿರ ಉಂಟು?"

"ನನ್ನ ಹತ್ತಿರ ಒಂದು, ಅಶ್ವಿತರ ಹತ್ತಿರ ಒಂದು."

ಸಹಾಯಕ ಅಶ್ವಿತ್ ಅಂದರೆ ನಾನೇ.

"ಹಾಗಾದರೆ ನೀಲಾವತಿ, ನಾಳೆಯಿಂದ ಬರುವುದು ಬೇಡ."

ದಿನಾ ಪೇಪರ್ ಓದಲು ಬರುವ ನಿವೃತ್ತ ಹೆಡ್‌ಕಾನ್‌ಸ್ಟೇಬಲ್ ಮಾಯಿಲಪ್ಪನವರು ಕನ್ನಡಕ ತೆಗೆದರು.

"ಸ್ವಲ್ಪ ನಿಲ್ಲಿ ಮಾರಾಯ್ರೆ."

"ಇದು ಪೇಪರಿನ ಪದಬಂಧ ಅಲ್ಲ ಮಾಯಿಲಪ್ಪ."

"ಅದಕ್ಕಿಂತ ಸುಲಭ ಉಂಟು. ಅಶ್ವಿತ್, ಹೊಸ ಪುಸ್ತಕ ಬಂದರೆ ನೀನು ಮೊದಲು ಏನು ಮಾಡುವುದು?"

"ಮುಖಪುಟಕ್ಕೆ ಮೊಹರು ಒತ್ತುವುದು. ಮತ್ತೆ ಕ್ಯಾಲೆಂಡರ್ ಹಾಳೆಯ ಹೊದಿಕೆ."

"ಯಾವ ಹಾಳೆ?"

"ಕಳೆದ ತಿಂಗಳಿನದ್ದು."

"ಇದು ಜುಲೈ ಅಲ್ವಾ? ಗೋಡೆಯಲ್ಲಿ ಆಗಸ್ಟ್ ಯಾಕೆ ಉಂಟು?"

ಎಲ್ಲರೂ ತಲೆಯೆತ್ತಿದರು. ಮಾಯಿಲಪ್ಪನವರು ಕಪಾಟಿನ ಬಳಿ ಹೋಗಿ, ಹೊದಿಕೆ ಹಾಕಿದ ಪುಸ್ತಕಗಳ ನಡುವಿನಿಂದ ತೆಳ್ಳಗಿನ ಒಂದನ್ನು ಎಳೆದರು. ಜುಲೈ ಹಾಳೆ. ಬಿಚ್ಚಿದರು. ಸವಾರನ ಮುಖದ ಮೇಲೆ, ಮುಸುಕಿನಿಂದ ಗಲ್ಲದವರೆಗೆ, ವಾಚನಾಲಯದ ನೇರಳೆ ಮೊಹರು.

"ಕಳ್ಳ ಆದರೆ ಕೊಂಡುಹೋಗ್ತಾನೆ. ಇಲ್ಲೇ ಅಡಗಿಸುವವ ಹೆದರಿದವ," ಎಂದರು ಮಾಯಿಲಪ್ಪ. "ನಿನ್ನೆ ಪೆಟ್ಟಿಗೆಗೆ ಹೋಗುವ ಮೊದಲು ಹೊಸ ಪುಸ್ತಕಗಳ ರಾಶಿಯಲ್ಲಿ ಇದೂ ಇದ್ದದ್ದು ನಾನು ನೋಡಿದ್ದೆ. ಅಭ್ಯಾಸಬಲ—ಮೊಹರು ಬಿತ್ತು. ಒರೆಸಿದರೆ ಹೋಗಲಿಲ್ಲ. ಗಡಿಬಿಡಿಯಲ್ಲಿ ಕೈಗೆ ಸಿಕ್ಕಿದ ಹಾಳೆ ಹರಿದದ್ದು. ಆದರೆ ಮೂಲೆ ನೋಡಿ, ಎಷ್ಟು ಅಚ್ಚುಕಟ್ಟು! ಹೀಗೆ ಮಡಚುವವರು ಇಲ್ಲಿ ಯಾರು ಅಶ್ವಿತ್?"

"ನಾನೇ."

ಅಷ್ಟು ಹೇಳಲು ಇನ್ನೊಬ್ಬರ ಕೆಲಸ ಹೋಗುವವರೆಗೆ ಕಾದಿದ್ದೆ.

ಮಧ್ಯಾಹ್ನ ಹಾರಿಸ್ ಬಂದರು. ಮೊಹರಿನ ಮೇಲೊಮ್ಮೆ ಬೆರಳಾಡಿಸಿ, ಪುಸ್ತಕವನ್ನು ಚೀಲಕ್ಕೆ ಹಾಕಿಕೊಂಡು ಹೋದರು.

ನೀಲಾವತಿಯ ಕೆಲಸ ಉಳಿಯಿತು. ನಾನು ಅವರಲ್ಲಿ ಕ್ಷಮೆ ಕೇಳಿದೆ.

"ಗೋಡೆಯಲ್ಲಿ ಆಗಸ್ಟ್ ಬಂದದ್ದು ನಾನು ಬೆಳಿಗ್ಗೆ ಗುಡಿಸುವಾಗಲೇ ನೋಡಿದ್ದೆ," ಎಂದು ಅವರು ಹಿಡಿಸೂಡಿ ಎತ್ತಿಕೊಂಡು ಅಂಗಳಕ್ಕಿಳಿದರು.

ಮತ್ತೇಕೆ ಹೇಳಲಿಲ್ಲ? ನಾನಾಗಿಯೇ ಬಾಯಿ ಬಿಡಲಿ ಎಂದು ಕಾದರೋ, ಹೇಳಿದರೆ ಯಾರೂ ನಂಬುವುದಿಲ್ಲ ಎಂದುಕೊಂಡರೋ—ನನಗೆ ಗೊತ್ತಿಲ್ಲ. ಕೇಳುವ ಧೈರ್ಯ ಇನ್ನೂ ಬಂದಿಲ್ಲ.