ಮುತ್ತಜ್ಜ ಬಿಟ್ಟ ಹೆಸರು

ನಮ್ಮ ಮುತ್ತಜ್ಜ ಮನೆತನದ ಹೆಸರನ್ನು ಬದಲಾಯಿಸಿಕೊಂಡಿದ್ದರು ಎಂಬುದಷ್ಟೇ ನಮಗೆ ಗೊತ್ತಿತ್ತು. ಹಳೆಯ ಹೆಸರು ಯಾವುದು, ಬಿಟ್ಟದ್ದೇಕೆ ಎಂದು ನಾನೂ ಚಿಕ್ಕಪ್ಪನ ಮಗಳೂ ಪೈಪೋಟಿಯಲ್ಲಿ ಹುಡುಕುತ್ತಿದ್ದೆವು. ಪೈಪೋಟಿ ಏನು ಬಂತು, ಹೊಟ್ಟೆಕಿಚ್ಚು ಅನ್ನಿ. ಅವಳು ಬಾಯಿ ತೆರೆದರೆ ಮನೆಯವರೆಲ್ಲ ಕಿವಿಯಾಗುತ್ತಾರೆ. ನಾನು ಶುರು ಮಾಡಿದರೆ ಎಲ್ಲರಿಗೂ ಏನೋ ಕೆಲಸ ನೆನಪಾಗುತ್ತದೆ.

ಆ ಮಧ್ಯಾಹ್ನ ದಾಖಲೆ ಕಚೇರಿಯಲ್ಲಿ ಹೆಸರು ಸಿಕ್ಕಿದ್ದು ನನಗೆ. ಹಳೇ ಜನನ ರಿಜಿಸ್ಟರಿನಲ್ಲಿ ಅದರ ಮೇಲೆ ಗೀಟು ಹೊಡೆದು, ಪಕ್ಕದಲ್ಲಿ ನಮ್ಮ ಈಗಿನ ಹೆಸರನ್ನು ಬರೆದಿದ್ದರು. ಮೇಜಿನ ಮೇಲೆ ಬಿಸಿಲು ಬಿದ್ದಿತ್ತು, ಆದರೂ ಆ ಪುಟ ಒದ್ದೆ ಬಟ್ಟೆಯ ಹಾಗೆ ತಣ್ಣಗಿತ್ತು. ಹೆಸರನ್ನು ತುಟಿಯಲ್ಲೇ ಓದಿದೆ. ಯಾರೋ ನನ್ನ ಜೊತೆಗೇ ಓದಿದಂತೆ ಕತ್ತಿಗೆ ಉಸಿರು ತಾಗಿತು. ನನ್ನ ಕುರ್ಚಿಯೋ, ಗೋಡೆಗೆ ಆನಿಕೊಂಡೇ ಇತ್ತು.

ಎಲ್ಲರೆದುರು ನಾನೇ ಮೊದಲು ಹೇಳಬೇಕೆಂದು ಚಿಕ್ಕಪ್ಪನ ಮನೆಗೆ ಓಡಿದೆ. ಬಾಗಿಲಲ್ಲೇ ತಂಗಿ ಆ ಹೆಸರು ಹೇಳಿ ನಕ್ಕಳು.

"ನಿಂಗೆ ಯಾರೇ ಹೇಳಿದ್ದು?"

"ಒಳ್ಳೇ ಕಥೆ ಕಣಕ್ಕಾ! ಈಗಷ್ಟೇ ನೀನೇ ಬಂದು ಹೇಳಿ ಹೋದೆಯಲ್ಲ. ಎಷ್ಟು ತಣ್ಣಗಿತ್ತು ನಿನ್ನ ಕೈ!"

"ನಾನಾ?"

"ಮತ್ತೆ ನಿನ್ನ ದೆವ್ವಾನಾ? ಆ ಹೆಸರು ಯಾಕೆ ಬಿಟ್ರು ಅಂತಾನೂ ಹೇಳ್ದೆ."

ಆದರೂ ಹೊಟ್ಟೆಯುರಿ ತಡೆಯಲಾಗಲಿಲ್ಲ. "ಯಾಕೆ ಬಿಟ್ರಂತೆ?"

ಅವಳ ನಗು ನಿಂತಿತು.

"ನಾನೇ ಮತ್ತೆ ಬಂದು ಕೇಳಿದ್ರೂ ಹೇಳ್ಬೇಡ ಅಂತ ನೀನೇ ಆಣೆ ಮಾಡಿಸ್ಕೊಂಡೆಯಲ್ಲಕ್ಕಾ."

ಇವತ್ತಿಗೂ ಅವಳು ಹೇಳಿಲ್ಲ.