ಗಂಗಮ್ಮನ ಕಣ್ಣು ತೆರೆಯುವ ಉಳಿ

ಡೈರಿಯಲ್ಲಿ ನಾನು ಬೆಳಗಿನ ಹಾಲು ಅಳೆಯುತ್ತಿದ್ದೆ. ಆಗ ದೇವಸ್ಥಾನ ಸಮಿತಿಯ ಅಧ್ಯಕ್ಷ ನರಸಿಂಹಪ್ಪನವರು ಪಂಚೆ ಎತ್ತಿ ಹಿಡಿದು, ಹಾಲಿನ ಸಾಲಿನಲ್ಲಿದ್ದ ಶ್ಯಾಮಲಮ್ಮನವರ ಹತ್ತಿರ ಓಡಿ ಬಂದರು. ಆ ಮನುಷ್ಯ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಶ್ಯಾಮಲಮ್ಮಾ, ಉಳಿ ಹೋಯ್ತು! ಗಂಗಮ್ಮನ ಚಿನ್ನದ ಉಳಿ ಕದ್ದುಬಿಟ್ರು!"

ಸಾಲಿನಲ್ಲಿದ್ದ ಹೆಂಗಸರೆಲ್ಲ ಬೊಬ್ಬೆ ಹಾಕಿದರು. ಮೂಗು ಚುಚ್ಚಿದ ತೂತಿಗೆ ಪೊರಕೆ ಕಡ್ಡಿ ಸಿಕ್ಕಿಸಿಕೊಂಡು ನಿಂತಿದ್ದ ಮುನಿಯಲ್ಲಮ್ಮ ಮಾತ್ರ ಸೆರಗನ್ನು ಬಾಯಿಗೆ ಒತ್ತಿಕೊಂಡು, ಹಾಲು ಹಾಕದೆಯೇ ಮನೆ ಕಡೆ ತಿರುಗಿದಳು. ಪಾಪ, ಹೆದರಿರಬೇಕು ಅಂದುಕೊಂಡೆ.

ಶ್ಯಾಮಲಮ್ಮ ನನ್ನ ಪಕ್ಕದ ಮನೆಯವರು. ನಂಗಲಿ, ಮುಳಬಾಗಿಲು ಠಾಣೆಗಳಲ್ಲಿ ಹೆಡ್ ಕಾನ್‌ಸ್ಟೆಬಲ್ ಆಗಿದ್ದು, ನಿವೃತ್ತರಾದ ಮೇಲೆ ವಕ್ಕಲೇರಿ ಪಕ್ಕದ ನಮ್ಮೂರಿನಲ್ಲಿ ಎರಡು ಹಸು ಕಟ್ಟಿಕೊಂಡಿದ್ದಾರೆ. ಊರಲ್ಲಿ ಏನು ಕಳೆದರೂ ಜನ ಮೊದಲು ಹೋಗುವುದು ಅವರ ಕೊಟ್ಟಿಗೆಗೆ.

"ಗಂಗಾ, ಡೈರಿ ಬಾಗಿಲು ಹಾಕಿ ಬಾರೇ" ಅಂದರು. ಡೈರಿಯ ಕಾರ್ಯದರ್ಶಿ ನಾನು, ಅಪ್ಪಣೆ ಅವರದು. ಆದರೂ ಹೋದೆ. ನಾನು ಹೋಗದೆ ಅವರು ಯಾವ ಕಳ್ಳನನ್ನೂ ಹಿಡಿದಿಲ್ಲ.

ಆ ಉಳಿಯ ವಿಷಯ ಹೇಳಿಬಿಡುತ್ತೇನೆ. ನಮ್ಮೂರ ಗಂಗಮ್ಮನ ಗುಡಿ ಯಾರೋ ದೊಡ್ಡವರು ಕಟ್ಟಿಸಿದ್ದಲ್ಲ. ನರಸಾಪುರದ ಫ್ಯಾಕ್ಟರಿಗಳಲ್ಲಿ ದುಡಿಯುವ ಹುಡುಗರು ಕಂಪನಿ ಬಸ್ಸಿನಿಂದ ಇಳಿದವರೇ ಯೂನಿಫಾರ್ಮಿನಲ್ಲೇ ಕಲ್ಲು ಹೊತ್ತರು. ಗಾರೆ ಕೆಲಸದ ಜಾನ್ ಪಾಷಾ ನೆಲಗಟ್ಟಿನ ಕೆಲಸಕ್ಕೆ ಕೂಲಿ ಮುಟ್ಟಲಿಲ್ಲ. ಮಾಲೂರು ಕಡೆಯಿಂದ ಬಂದ ಶಿಲ್ಪಿ ಕದಿರೇಶ್ ಬರೀ ಊಟ ಉಂಡು ಅಮ್ಮನ ಮೂರ್ತಿ ಕಡೆದ. ಅವನ ಕೈಯಲ್ಲಿ ಆ ಕರಿಕಲ್ಲು ಬೆಣ್ಣೆಯ ಹಾಗೆ ಬಳುಕಿದ್ದನ್ನು ನೋಡಿ ನನ್ನಂಥ ಸಿಡುಕಿಯ ಕಣ್ಣಲ್ಲೂ ನೀರು ಬಂದಿತ್ತು. ಕೊನೆಗೆ ಉಳಿದದ್ದು ಕಣ್ಣು. ಮೂರ್ತಿಯ ಕಣ್ಣು ತೆರೆಯುವುದು ಚಿನ್ನದ ಉಳಿಯಿಂದ. ಆ ಉಳಿಯಲ್ಲಿ ಊರಿನ ಪ್ರತಿ ಮನೆಯ ಚೂರು ಚಿನ್ನ ಇರಬೇಕೆಂಬುದು ನಮ್ಮ ಪದ್ಧತಿ. ನರಸಿಂಹಪ್ಪನವರ ಹೆಂಡತಿ ರಾಮಲಕ್ಷ್ಮಮ್ಮ ಮನೆಮನೆಗೂ ಹೋಗಿ ಎತ್ತಿದ್ದರು. ಜಾನ್ ಪಾಷಾನ ಹೆಂಡತಿ ಹಜೀರಾ ಕೂಡ ಕಿವಿಯ ಬಾಲಿ ಬಿಚ್ಚಿ ಕೊಟ್ಟಿದ್ದಳು. ಕಣ್ಣು ತೆರೆಯುವ ಶಾಸ್ತ್ರ ಮರುದಿನ ಬೆಳಗ್ಗೆ ಇತ್ತು.

ಮೂರ್ತಿ ಇಟ್ಟಿದ್ದ ಶೆಡ್ಡು ನರಸಿಂಹಪ್ಪನವರ ಸೇವಂತಿಗೆ ತೋಟಕ್ಕೆ ಅಂಟಿಕೊಂಡಿತ್ತು. ತೋಟ ತುಂಬಾ ಹಳದಿ ಹೂವು. ಶೆಡ್ಡಿನ ಬೀಗ ಒಡೆದಿರಲಿಲ್ಲ. ಉಳಿ ಸುತ್ತಿದ್ದ ರೇಷ್ಮೆ ಬಟ್ಟೆ ನೀಟಾಗಿ ಮಡಿಸಿಟ್ಟಿತ್ತು. ಅದರ ಮೇಲೆ ಅರಿಸಿನದ ಬಟ್ಟೆಯಲ್ಲಿ ಕಟ್ಟಿದ ಒಂದು ನಾಣ್ಯ.

"ತಪ್ಪುಗಾಣಿಕೆ" ಅಂದೆ. ದೇವರ ಮುಂದೆ ತಪ್ಪು ಮಾಡಿದವರು ಹಾಗೆ ಕಟ್ಟಿಡುತ್ತಾರೆ.

"ಬೀಗದ ಕೈ ಇರೋದು ಇವನೊಬ್ಬನ ಹತ್ರಾನೇ!" ನರಸಿಂಹಪ್ಪ ಕದಿರೇಶನತ್ತ ಬೆರಳು ತೋರಿಸಿದರು. "ಕೇಳಿದ್ರೆ ಬಾಯಿ ಬಿಡ್ತಿಲ್ಲ."

"ನಾಳೆ ಹೊತ್ತಿಗೆ ಉಳಿ ಇರುತ್ತೆ ಯಜಮಾನ್ರೇ. ಅಷ್ಟೇ ನಾನು ಹೇಳೋದು" ಅಂದ ಕದಿರೇಶ್.

"ಸಾಯಂಕಾಲದೊಳಗೆ ಬರ್ಬೇಕು. ಇಲ್ಲಾಂದ್ರೆ ಪೊಲೀಸ್ಗೆ ಹೇಳ್ತೀನಿ. ಅಮ್ಮನ ಕಣ್ಣು ತೆರೆಯೋಕೆ ಬೇರೆ ಶಿಲ್ಪಿನ ಕರೆಸ್ತೀನಿ!"

ಕದಿರೇಶನ ಮುಖ ಬಿಳಿಚಿತು. ಹೆತ್ತ ಮಗುವಿಗೆ ಬೇರೆಯವರು ಹೆಸರಿಟ್ಟ ಹಾಗೆ ಅದು. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿದಾಗ ತಟ್ಟನೆ ತಲೆ ಎತ್ತಿ ರಸ್ತೆ ನೋಡಿದ.

"ಅವ್ನು ಕಳ್ಳ ಅಲ್ಲ ಅಕ್ಕಾ" ಅಂದ ಜಾನ್ ಪಾಷಾ. "ನನ್ ಜೊತೆ ಒಂದೇ ತಟ್ಟೇಲಿ ತಿಂದೋನು. ಜಾಮೀನು ನಾನಿರ್ತೀನಿ."

ಶ್ಯಾಮಲಮ್ಮ ನರಸಿಂಹಪ್ಪನವರನ್ನು ಕೇಳಿದರು. "ರಾಮಲಕ್ಷ್ಮಮ್ಮ ಕಾಣ್ತಿಲ್ವಲ್ಲ?"

"ಮೊದಲನೇ ಬಸ್ಸಿಗೇ ಕೋಲಾರಕ್ಕೆ ಹೋದ್ಲು. ನಾಳೆ ಪೂಜೆಗೆ ಸೇವಂತಿಗೆ ತರ್ತೀನಿ ಅಂದ್ಲು."

"ಸರೇ" ಅಂದರು ಶ್ಯಾಮಲಮ್ಮ. ಗಡಿ ಠಾಣೆಯಲ್ಲಿ ಅಂಟಿದ ತೆಲುಗು. ಏನೋ ಸಿಕ್ಕಿದಾಗಲೇ ಅದು ಬಾಯಿಗೆ ಬರುವುದು.

ದಾರಿಯಲ್ಲಿ ನನ್ನನ್ನು ಕೇಳಿದರು. "ಚಿನ್ನ ಎತ್ತಿದ್ದು ಯಾವಾಗ್ಲೇ?"

"ಯುಗಾದಿ ಆದ ವಾರ."

"ಮುನಿಯಲ್ಲಮ್ಮನ ಗಂಡ ತೀರ್ಕೊಂಡಿದ್ದು?"

"ಯುಗಾದಿ ಹಿಂದಿನ ದಿನ. ಅದಕ್ಕೂ ಇದಕ್ಕೂ ಏನಕ್ಕಾ ಸಂಬಂಧ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ!"

ಅವರು ನಕ್ಕರು, ಹೇಳಲಿಲ್ಲ. ಮಧ್ಯಾಹ್ನವೆಲ್ಲ ನಾನು ಉರಿದುಕೊಂಡೆ.

ಸಂಜೆ ನರಸಿಂಹಪ್ಪ, ಕದಿರೇಶ್, ಜಾನ್ ಪಾಷಾ, ಮುನಿಯಲ್ಲಮ್ಮ ಇಷ್ಟೇ ಜನರನ್ನು ಶ್ಯಾಮಲಮ್ಮ ಶೆಡ್ಡಿಗೆ ಕರೆಸಿದರು. ಕೋಲಾರದ ಬಸ್ಸು ಬಂತು. ಕದಿರೇಶ್ ಎದ್ದು ನಿಂತ.

"ಕೂತ್ಕೋಪ್ಪಾ. ಬೆಳಗ್ಗೆಯಿಂದ ನೀನು ಕಾಯ್ತಿರೋರು ಈಗ ಬರ್ತಾರೆ" ಅಂದರು ಶ್ಯಾಮಲಮ್ಮ. "ತಪ್ಪುಗಾಣಿಕೆ ಕಟ್ಟಿಟ್ಟು ಹೋದೋರು ಮಾರೋಕೆ ಒಯ್ಯಲ್ಲ, ವಾಪಸ್ ತರ್ತಾರೆ. ಬೀಗ ಒಡೆದಿಲ್ಲ ಅಂದ್ಮೇಲೆ ಕೀ ಕೊಟ್ಟೋನು ನೀನೇ. ಒಯ್ದೋರು ಯಾರು? ಮನೆ ತೋಟದ ತುಂಬಾ ಸೇವಂತಿಗೆ ಇಟ್ಕೊಂಡು, ಸೇವಂತಿಗೆ ತರೋಕೆ ಕೋಲಾರಕ್ಕೆ ಹೋದೋರು."

ಬಾಗಿಲಲ್ಲಿ ರಾಮಲಕ್ಷ್ಮಮ್ಮ ನಿಂತಿದ್ದರು. ಬ್ಯಾಗಿನಲ್ಲಿ ಒಂದು ಹೂವೂ ಇರಲಿಲ್ಲ.

ಶ್ಯಾಮಲಮ್ಮ ಮಾತು ಮುಂದುವರಿಸಿದರು. "ಮುನಿಯಲ್ಲಮ್ಮ ನಿನ್ನೆವರೆಗೂ ಮೂಗುಬೊಟ್ಟು ಹಾಕ್ಕೊಂಡಿದ್ಲು. ಇವತ್ತು ತೂತು ಮುಚ್ಚದೇ ಇರ್ಲಿ ಅಂತ ಕಡ್ಡಿ. ಎಲ್ಲರ ಮನೆ ಚಿನ್ನ ಯುಗಾದಿಗೇ ಉಳಿ ಸೇರಿದ್ರೆ, ಇವಳ ಬೊಟ್ಟು ಇವತ್ತು ಯಾಕೆ ಇಳೀತು? ಯಾಕಂದ್ರೆ ಆಗ ಇವಳ ಮನೇಲಿ ಸೂತಕ. ಸೂತಕದ ಮನೇಲಿ ದೇವರ ಕೆಲಸಕ್ಕೆ ಏನೂ ಈಸ್ಕೊಳ್ಳಲ್ಲ. ದಾಟಿ ಹೋದೋರು ಆಮೇಲೆ ಹೋಗಿ ಕೇಳೋದು ಮರೆತ್ರು. ಇವಳೂ ಬಾಯಿ ಬಿಡ್ಲಿಲ್ಲ."

ರಾಮಲಕ್ಷ್ಮಮ್ಮ ಅಳುತ್ತಾ ಉಳಿಯನ್ನು ಮೂರ್ತಿಯ ಪಾದದ ಬಳಿ ಇಟ್ಟರು. "ನಿನ್ನೆ ಉಳಿಗೆ ಪೂಜೆ ಮಾಡ್ವಾಗ ನೆನಪಾಯ್ತು. ಇವಳನ್ನ ಕೇಳಿದ್ರೆ ಮಾತಾಡ್ದೆ ಬೊಟ್ಟು ಬಿಚ್ಚಿಕೊಟ್ಲು. ಅದನ್ನ ಸೇರಿಸಿ ಮತ್ತೆ ಕರಗಿಸ್ಕೊಂಡು ಬಂದೆ. ಮೊದ್ಲೇ ಹೇಳಿದ್ರೆ ನೀವು ಬಿಡ್ತಿದ್ರೇನ್ರೀ?"

"ಗಂಡ ಹೋದವಳ ಚಿನ್ನ ಅಂತ ನಾಲ್ಕು ಜನ..." ನರಸಿಂಹಪ್ಪ ಶುರು ಮಾಡಿದರು.

"ಈ ಮೂರ್ತಿ ಕಲ್ಲನ್ನ ಸ್ವಂತ ಟ್ರ್ಯಾಕ್ಟರ್‌ನಲ್ಲಿ ತಂದಿಳಿಸಿದ್ದು ಇವಳ ಗಂಡ. ಕಲ್ಲು ಬೇಕು, ಚಿನ್ನ ಬೇಡ್ವಾ?" ಅಂದರು ರಾಮಲಕ್ಷ್ಮಮ್ಮ.

"ಒಂದು ಮನೆ ಬಿಟ್ಟ ಉಳಿ ನಾನು ಮುಟ್ತಿರ್ಲಿಲ್ಲ ಯಜಮಾನ್ರೇ. ಬೇಕಾದ್ರೆ ಜೈಲಿಗೆ ಹೋಗ್ತಿದ್ದೆ" ಅಂದ ಕದಿರೇಶ್.

ನರಸಿಂಹಪ್ಪ ಹತ್ತಿರ ಬಂದು ಕದಿರೇಶನ ಕೈ ಹಿಡಿದುಕೊಂಡರು.

ಮರುದಿನ ಬೆಳಗ್ಗೆ ಊರೆಲ್ಲ ಸೇರಿತ್ತು. ಕಣ್ಣು ತೆರೆದಾಗ ಅಮ್ಮನ ಮೊದಲ ನೋಟ ಕನ್ನಡಿಯ ಮೇಲೆ ಬೀಳಬೇಕು. ಆ ಕನ್ನಡಿ ಹಿಡಿಯುವ ಹಕ್ಕು ಅಧ್ಯಕ್ಷರ ಮನೆಯದು. ನರಸಿಂಹಪ್ಪ ಕನ್ನಡಿ ಹಿಡಿದು ಗುಂಪಿನ ಹಿಂದಕ್ಕೆ ಹೋದರು. ಗೋಡೆಗೆ ಒರಗಿ ನಿಂತಿದ್ದ ಮುನಿಯಲ್ಲಮ್ಮನ ಕೈಗೆ ಕೊಟ್ಟರು.

"ನಾನಾ ಸ್ವಾಮೀ? ಬ್ಯಾಡ..."

"ಬಾಮ್ಮಾ. ನಾವು ನಿನ್ನ ಮನೆ ದಾಟಿ ಹೋಗಿದ್ವಿ. ಅಮ್ಮ ದಾಟೋದು ಬೇಡ."

ಕದಿರೇಶನ ಉಳಿ ಕಲ್ಲನ್ನು ಮುಟ್ಟಿತು. ಕನ್ನಡಿಯಲ್ಲಿ ಗಂಗಮ್ಮ ಕಣ್ಣು ಬಿಟ್ಟಳು. ಕನ್ನಡಿಯ ಹಿಂದೆ, ಮೂಗಿನಲ್ಲಿ ಪೊರಕೆ ಕಡ್ಡಿ ಇದ್ದ ಆ ಮುಖವನ್ನು ಅಮ್ಮ ನೋಡುತ್ತಲೇ ಇದ್ದಳು.